ಮಡಿಕೆಗೊಂದು ಮಾತು

ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಲಾಂಡ್ರಿ ಇತ್ತು. ಮೇಲಿನ ನಾನೂರು ಹಾಸಿಗೆಗಳ ಬೆಡ್‌ಶೀಟುಗಳು ದಿನವೂ ಕೆಳಗಿಳಿದು, ಕುದಿದು, ಒಣಗಿ, ಮಡಿಸಿಕೊಂಡು ಮತ್ತೆ ಮೇಲೆ ಹೋಗುತ್ತಿದ್ದವು. ಅಲ್ಲಿ ಶೀಟು ಮಡಿಸುವ ಕೆಲಸಕ್ಕಿದ್ದವರು ಇಬ್ಬರು ಹೆಂಗಸರು. ಒಬ್ಬಳು ಬಾಗಿಲ ಮೇಲಿನ ಗಡಿಯಾರಕ್ಕೆ ಸ್ಟೂಲಿಲ್ಲದೆ ಕೀಲಿ ಕೊಡಬಲ್ಲಷ್ಟು ಎತ್ತರ. ಇನ್ನೊಬ್ಬಳು ಬಟ್ಟೆಗಾಡಿಯ ಹಿಂದೆ ನಿಂತರೆ ಕಾಣಿಸದಷ್ಟು ಕುಳ್ಳು. ಯಾರೋ ಒಮ್ಮೆ ತಮಾಷೆಗೆ ಉದ್ದಕ್ಕ, ಗಿಡ್ಡಕ್ಕ ಎಂದು ಕರೆದರು. ಹೆಸರು ಹಾಗೇ ಅಂಟಿಕೊಂಡಿತು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಅವರಿಗೇ ಮರೆತುಹೋಗುವಷ್ಟು ಕಾಲವಾಗಿತ್ತು.

ಶೀಟು ಮಡಿಸುವುದು ನೋಡಲು ಸುಲಭ. ಇಬ್ಬರೂ ಎರಡೆರಡು ಮೂಲೆ ಹಿಡಿದು ಎದುರುಬದುರು ನಿಲ್ಲಬೇಕು. ಒಮ್ಮೆ ಜೋರಾಗಿ ಝಾಡಿಸಿ ಸುಕ್ಕು ಬಿಡಿಸಬೇಕು. ತಮ್ಮ ತಮ್ಮ ಕೈಯ ಮೂಲೆಗಳನ್ನು ಜೋಡಿಸಬೇಕು. ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬರಬೇಕು. ಆಗ ಒಬ್ಬಳು ಎರಡೂ ತುದಿಗಳನ್ನು ತಲೆಗಿಂತ ಮೇಲೆ ಎತ್ತಿ ಹಿಡಿಯುತ್ತಾಳೆ. ಇನ್ನೊಬ್ಬಳು ಬಗ್ಗಿ, ಕೆಳಗೆ ಜೋಲುವ ಮಡಿಕೆಯನ್ನು ಎತ್ತಿಕೊಂಡು ಹಿಂದೆ ಸರಿಯುತ್ತಾಳೆ. ಮತ್ತೊಮ್ಮೆ ಹತ್ತಿರ ಬಂದರೆ ಒಂದು ಶೀಟು ಮುಗಿಯಿತು. ಬಟ್ಟೆಯ ಯಾವ ಅಂಚೂ ನೆಲ ಮುಟ್ಟಕೂಡದು. ಮುಟ್ಟಿದರೆ ಅದು ಮತ್ತೆ ಒಗೆತಕ್ಕೆ.

ಒಣಗಿಸುವ ಯಂತ್ರಗಳ ಗದ್ದಲದಲ್ಲಿ ಎರಡು ಮಾರು ದೂರದ ಮಾತು ಕೇಳಿಸುತ್ತಿರಲಿಲ್ಲ. ಹತ್ತಿರ ಬಂದಾಗ ಮಾತ್ರ ಮಾತು. ಹಾಗಾಗಿ ಒಂದು ಮಡಿಕೆಗೆ ಒಂದೇ ವಾಕ್ಯ.

"ನಿನ್ನೆ ತಮ್ಮನ ಹೆಂಡ್ತಿ ಏನಂದ್ಲು ಗೊತ್ತಾ?" ಎಂದು ಉದ್ದಕ್ಕ ಹೇಳಿ ಹಿಂದೆ ಸರಿಯುವಳು.

ಮುಂದಿನ ಸಲ ಹತ್ತಿರ ಬಂದಾಗ ಗಿಡ್ಡಕ್ಕ, "ಏನಂದ್ಲು?"

"'ಕುರ್ಚಿ ಒರೆಸ್ಬೇಕು, ಸ್ವಲ್ಪ ಏಳಿ' ಅಂದ್ಲು."

"ಒರೆಸಿದ್ಲಾ?"

"ಎಲ್ಲಿ ಒರೆಸ್ತಾಳೆ! ಅವಳೇ ಕೂತ್ಕೊಂಡ್ಲು."

ಇಷ್ಟಕ್ಕೆ ಎರಡೂವರೆ ಶೀಟು. ಹೀಗೆ ಹತ್ತೊಂಬತ್ತು ವರ್ಷದ ಸುಖದುಃಖವನ್ನು ಅವರು ಬಟ್ಟೆಯಲ್ಲಿ ಅಳೆದುಕೊಂಡಿದ್ದರು. ಗಿಡ್ಡಕ್ಕನ ಮಗಳು ಪರೀಕ್ಷೆಯಲ್ಲಿ ನಪಾಸಾದದ್ದು ಅರವತ್ತು ಶೀಟಿನ ಕತೆ. ಮರುವರ್ಷ ಪಾಸಾದದ್ದು ಎರಡೇ ಶೀಟಿನಲ್ಲಿ ಮುಗಿಯಿತು. ಸುಖಕ್ಕೆ ಬಟ್ಟೆ ಕಡಿಮೆ ಸಾಕು. ಗಿಡ್ಡಕ್ಕನ ತಾಯಿಯ ಸಾವು ನಾಲ್ಕು ದಿನ ನಡೆಯಿತು. ಉದ್ದಕ್ಕನ ಗಂಡ ಬಿಟ್ಟುಹೋದದ್ದು, ಅವಳು ತಮ್ಮನ ಮನೆ ಸೇರಿದ್ದು ಒಂದು ಇಡೀ ಮಳೆಗಾಲ ಹಿಡಿಯಿತು.

ಈ ಮಾತಿನಲ್ಲಿ ಒಂದು ಅನುಕೂಲವಿತ್ತು. ಬುದ್ಧಿ ಹೇಳುವುದಕ್ಕೆ ಸಮಯವೇ ಇರುತ್ತಿರಲಿಲ್ಲ. "ಅಯ್ಯೋ", "ಆಮೇಲೆ?", "ಹೋಗ್ಲಿ ಬಿಡು" - ಇಷ್ಟು ಹಿಡಿಸುತ್ತಿತ್ತು. ಅಷ್ಟರಲ್ಲಿ ಹಿಂದೆ ಸರಿಯಬೇಕಿತ್ತು. ಅಷ್ಟು ವರ್ಷದಲ್ಲಿ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಹೋಗಬೇಕು ಅನ್ನಿಸಿಯೂ ಇರಲಿಲ್ಲ.

ಆ ವರ್ಷ ಉದ್ದಕ್ಕನ ಬಲಹೆಗಲು ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೆ ಬರುತ್ತಿತ್ತು, ಅದಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಎತ್ತಿ ಹಿಡಿಯುವ ಕೆಲಸ ಯಾವಾಗಲೂ ಅವಳದು; ಬಗ್ಗಿ ಎತ್ತಿಕೊಳ್ಳುವುದು ಗಿಡ್ಡಕ್ಕನದು. ದೇವರು ಅವರಿಬ್ಬರನ್ನೂ ಆ ಕೆಲಸಕ್ಕೆಂದೇ ಅಳತೆ ತೆಗೆದು ಮಾಡಿದ ಹಾಗಿತ್ತು. ಒಂದು ಬೆಳಿಗ್ಗೆ ಮೂರು ಶೀಟು ಒಂದರ ಮೇಲೊಂದು ನೆಲ ಮುಟ್ಟಿದವು. ನಾಲ್ಕನೆಯದಕ್ಕೆ ಗಿಡ್ಡಕ್ಕ ಏನೂ ಹೇಳದೆ ತುದಿಗಳನ್ನು ತಾನೇ ತೆಗೆದುಕೊಂಡು ತುದಿಗಾಲಲ್ಲಿ ನಿಂತಳು. ಉದ್ದಕ್ಕ ಒಂದು ಕ್ಷಣ ನೋಡಿ, ಬಗ್ಗಿ ಮಡಿಕೆ ಎತ್ತಿಕೊಂಡಳು.

ತುದಿಗಾಲು ಸಾಲಲಿಲ್ಲ. ಮರುದಿನ ಗಿಡ್ಡಕ್ಕ ಸಾಬೂನಿನ ಪುಡಿ ಬರುತ್ತಿದ್ದ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡಳು. ಪೆಟ್ಟಿಗೆಯಿಂದ ಇಳಿದು ಹಿಂದೆ ಹೋಗಿ ಝಾಡಿಸುವುದು, ಮುಂದೆ ಬಂದು ಪೆಟ್ಟಿಗೆ ಹತ್ತಿ ಎತ್ತಿ ಹಿಡಿಯುವುದು, ಮತ್ತೆ ಇಳಿಯುವುದು. ಒಂದು ಶೀಟಿಗೆ ಎರಡು ಸಲ.

ದೊಡ್ಡ ಇಸ್ತ್ರಿ ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಇದು ಹಬ್ಬವಾಯಿತು. ಅವಳದು ಸದಾ ಬಿಚ್ಚುಬಾಯಿ. "ಏನ್ರೀ ಗಿಡ್ಡಕ್ಕ, ಈ ವಯಸ್ಸಲ್ಲಿ ಬೆಳೀತಾ ಇದೀರಲ್ಲ! ನಮಗೂ ಹೇಳಿ, ಯಾವ ಟಾನಿಕ್ಕು?"

"ಸಾಬೂನಿನ ಪುಡಿ," ಎಂದಳು ಗಿಡ್ಡಕ್ಕ. "ದಿನಕ್ಕೊಂದು ಪೆಟ್ಟಿಗೆ."

ಗಾಜಿನ ಕೋಣೆಯಿಂದ ಹೊರಬಂದ ಸೂಪರ್‌ವೈಸರು ಪೆಟ್ಟಿಗೆ ನೋಡಿ ಹುಬ್ಬೇರಿಸಿದ. "ನೆಲ ತಣ್ಣಗಿರುತ್ತೆ ಸಾರ್," ಎಂದಳು ಗಿಡ್ಡಕ್ಕ. ಅವನು ತಲೆಯಾಡಿಸಿ ಒಳಗೆ ಹೋದ.

ಅಂದು ಎರಡನೆಯ ಗಾಡಿ ಮುಗಿಯುವ ಹೊತ್ತಿಗೆ ಉದ್ದಕ್ಕ ಹತ್ತಿರ ಬಂದು ಹೇಳಿದಳು, "ಹೆಗಲಿನ ವಿಷಯ ಇವರಿಗೆ ಗೊತ್ತಾದ್ರೆ ನನ್ನನ್ನ ಇಲ್ಲಿಂದ ಎತ್ತಿ ಎಲ್ಲಾದ್ರೂ ಹಾಕ್ತಾರೆ."

ದೂರ. ಹತ್ತಿರ.

"ಹಾಕ್ಲಿ ಬಿಡಕ್ಕ, ಎಲ್ಲಾದ್ರೂ ಕೆಲಸ ಕೆಲಸಾನೇ."

"ಕೆಲಸಕ್ಕೇನು ಬಂತು? ಆಮೇಲೆ ನಾನು ಮಾತಾಡೋದು ಯಾರ ಹತ್ರ, ಗೋಡೆ ಹತ್ರಾನಾ?"

ಗಿಡ್ಡಕ್ಕ ಮುಂದಿನ ಮಡಿಕೆಗೆ, "ಗೋಡೆ ನನಗಿಂತ ಎತ್ತರ ಇದೆ, ನಿನಗೆ ಸರಿಯಾಗುತ್ತೆ" ಎಂದಳು. ಉದ್ದಕ್ಕ ನಕ್ಕಳು. ವಿಷಯ ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿದದ್ದು ಗಿಡ್ಡಕ್ಕನ ಮಂಡಿ. ಮೂರು ತಿಂಗಳು ಪೆಟ್ಟಿಗೆ ಹತ್ತಿ ಇಳಿದು ಎಡಮಂಡಿ ಊದಿಕೊಂಡಿತು. ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಜೋತುಬೀಳಬೇಕಾಯಿತು. ಮನೆಗೆ ಬಂದರೆ ಕೂತ ಜಾಗದಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ನೋವೊಂದೇ ಆಗಿದ್ದರೆ ಸಹಿಸಬಹುದಿತ್ತು. ಅವಳಿಗೆ ಸಾಕಾಗಿತ್ತು. ಉದ್ದಕ್ಕನ ತಮ್ಮನ ಹೆಂಡತಿಯ ಕುರ್ಚಿ, ಪಾತ್ರೆ, ಬಚ್ಚಲು, ಬಾಗಿಲ ಚಿಲಕ ಎಲ್ಲವನ್ನೂ ಪೆಟ್ಟಿಗೆಯ ಮೇಲೆ ನಿಂತು ಕೇಳುವುದು ಅವಳಿಗೆ ಹೊರೆಯಾಗತೊಡಗಿತ್ತು. ಅದನ್ನು ಅವಳು ತನಗೇ ಒಪ್ಪಿಕೊಂಡಿರಲಿಲ್ಲ.

ಗಿಡ್ಡಕ್ಕನ ಮನೆಯಲ್ಲಿ ಮಾತಿನ ಕ್ರಮವೇ ಬೇರೆ. ಗಂಡ ಶಾಲೆಯ ಬಸ್ಸಿನ ಡ್ರೈವರು, ಸಂಜೆ ಐದಕ್ಕೆ ಮನೆಯಲ್ಲಿರುತ್ತಿದ್ದ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೂವರೂ ಸೇರಿ ತರಕಾರಿ ಹೆಚ್ಚುವಾಗ ಗಂಡ ಚಾಕು ಮೇಲೆತ್ತಿ, "ಹೂಂ, ಇವತ್ತಿನದು ಹೇಳಿ" ಎನ್ನುವನು. ಸರದಿಯ ಪ್ರಕಾರ ಒಬ್ಬೊಬ್ಬರೂ ದಿನದ ಒಳ್ಳೆಯದು ಕೆಟ್ಟದ್ದು ಹೇಳಬೇಕು. ಒಳ್ಳೆಯದಕ್ಕೆ ಅವನು "ಭೇಷ್" ಎನ್ನುವನು. ಕೆಟ್ಟದ್ದಕ್ಕೆ ಪರಿಹಾರ ಕೊಡುವನು. ಅವನಿಗೆ ತೊಂದರೆ ಎಂದರೆ ಪಂಕ್ಚರ್ ಆದ ಟೈರಿನ ಹಾಗೆ. ಕಂಡ ಮೇಲೆ ಸುಮ್ಮನೆ ಕೂರುವವನಲ್ಲ.

ಒಮ್ಮೆ ಮಗಳು, ಅಂಗಡಿಯಲ್ಲಿ ತನ್ನ ಸ್ಟೂಲು ಅಲ್ಲಾಡುತ್ತದೆ ಎಂದಳು. ಮರುದಿನವೇ ಗರಗಸ ಹಿಡಿದು ಅಲ್ಲಿಗೆ ಹೋದ. ಉದ್ದದ ಒಂದು ಕಾಲು ಕತ್ತರಿಸಿದ. ಆಗ ಇನ್ನೊಂದು ಉದ್ದವಾಯಿತು. ಅದನ್ನೂ ಕತ್ತರಿಸಿದ. ಮಧ್ಯಾಹ್ನದ ಹೊತ್ತಿಗೆ ಸ್ಟೂಲು ಅಲ್ಲಾಡುವುದನ್ನು ಬಿಟ್ಟಿತು, ಆದರೆ ಮಣೆಯಾಗಿತ್ತು. ಅಂದಿನಿಂದ ಮಗಳು ಅಂಗಡಿಯಲ್ಲಿ ನಿಂತೇ ಇದ್ದಳು.

ಒಂದು ಸೋಮವಾರ ಸಂಜೆ ಗಿಡ್ಡಕ್ಕ ಕಾಲು ಚಾಚಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಗಂಡನ ಕಣ್ಣು ಮಂಡಿಯ ಮೇಲೆ ಬಿತ್ತು.

"ಏನೇ ಇದು, ಕಾಲು ಕುಂಬಳಕಾಯಿ ಆಗಿದೆ?"

"ನಿಂತು ನಿಂತು."

"ಹತ್ತೊಂಬತ್ತು ವರ್ಷ ನಿಂತಾಗ ಆಗದ್ದು ಈಗ ಆಯ್ತಾ? ಸರಿಯಾಗಿ ಹೇಳು."

ಅವಳು ಹೇಳಿದಳು. ಹೆಗಲು, ಪೆಟ್ಟಿಗೆ, ಮಂಡಿ ಎಲ್ಲ. ತಡೆಯಿಲ್ಲದೆ ಒಂದೇ ಉಸಿರಿಗೆ ಹೇಳಿ ಅಭ್ಯಾಸವಿಲ್ಲದ ಅವಳಿಗೆ, ಹೇಳಿ ಮುಗಿದ ಮೇಲೆ ಹಗುರವಾದಂತಾಯಿತು.

"ಅಷ್ಟೇನಾ?" ಎಂದ ಗಂಡ. "ನಿಮ್ಮ ಸೂಪರ್‌ವೈಸರ್ ಕಿವೀಗೆ ಒಂದು ಮಾತು ಹಾಕು. ಅವಳಿಗೆ ಕೂತು ಮಾಡೋ ಕೆಲಸ ಕೊಡ್ತಾನೆ. ನಿನಗೆ ಎತ್ತರದವಳು ಇನ್ನೊಬ್ಬಳು ಬರ್ತಾಳೆ. ಅವಳಿಗೂ ಸುಖ, ನಿನಗೂ ಸುಖ."

ಮಗಳು ತಲೆಯೆತ್ತದೆ ಹೇಳಿದಳು, "ಅಪ್ಪಾ, ಸ್ಟೂಲಿನ ಕಾಲು."

"ಸ್ಟೂಲೇ ಬೇರೆ, ಇದೇ ಬೇರೆ ಕಣೇ! ಇದು ಮನುಷ್ಯರ ವಿಷಯ."

"ಅದಕ್ಕೇ ಹೇಳಿದ್ದು."

ಗಿಡ್ಡಕ್ಕ ಮಗಳ ಮಾತನ್ನು ಕೇಳಿಸಿಕೊಂಡಳು. ಗಂಡನ ಮಾತನ್ನು ಹಿಡಿದುಕೊಂಡಳು. ಆಯಾಸಗೊಂಡವರು ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ.

ಮರುದಿನ ಮಂಗಳವಾರ, ಚಹಾದ ಬಿಡುವಿನಲ್ಲಿ, ಅವಳು ಗಾಜಿನ ಕೋಣೆಯ ಬಾಗಿಲು ತಟ್ಟಿದಳು. ಸೂಪರ್‌ವೈಸರು ಕೆಟ್ಟವನಲ್ಲ. ಪ್ರತಿಯೊಂದಕ್ಕೂ ಒಂದು ಫಾರಂ ಇದೆಯೆಂದು ನಂಬಿದ್ದ ಮನುಷ್ಯ, ಅಷ್ಟೇ.

"ಹೇಳಿದ್ದು ಒಳ್ಳೇದೇ ಆಯ್ತು," ಎಂದ ಪೂರ್ತಿ ಕೇಳಿ. "ನಾಳೆ ಅವರ ಕೈ ಕೈಕೊಟ್ರೆ ಕೇಳೋರು ನನ್ನನ್ನ."

"ಹೊಲಿಗೆ ಮೇಜಿಗೆ ಹಾಕಿ ಸಾರ್. ಹರಿದ ಶೀಟು ಹೊಲಿಯೋ ಕೆಲಸ. ಕೂತು ಮಾಡಬಹುದು. ಇಲ್ಲೇ ನನ್ನ ಪಕ್ಕದಲ್ಲೇ ಇರುತ್ತೆ."

"ನೋಡೋಣ, ನೋಡೋಣ."

ಹೊರಗೆ ಬಂದಾಗ ಉದ್ದಕ್ಕ ಲೋಟದಲ್ಲಿ ಅವಳ ಪಾಲಿನ ಚಹಾವನ್ನು ಮುಚ್ಚಿಟ್ಟುಕೊಂಡು ಕಾಯುತ್ತಿದ್ದಳು. "ಏನು, ಒಳಗೆ ದೊಡ್ಡೋರ ಸಹವಾಸ?" ಎಂದಳು. ಗಿಡ್ಡಕ್ಕ, "ರಜೆ ಕೇಳೋಕೆ ಹೋಗಿದ್ದೆ" ಎಂದಳು. ಆ ಇಡೀ ಮಧ್ಯಾಹ್ನ ಉದ್ದಕ್ಕ ಎಂದಿಗಿಂತ ಹೆಚ್ಚು ಮಾತಾಡಿದಳು. ತಮ್ಮನ ಹೆಂಡತಿ ಉದ್ದಕ್ಕನ ಬಟ್ಟೆಬರೆಯ ಪೆಟಾರಿಯನ್ನು ಕೋಣೆಯಿಂದ ಹಜಾರಕ್ಕೆ ಸಾಗಿಸಿದ್ದಾಳೆಂಬ ಕತೆ, ನಲವತ್ತೆಂಟು ಶೀಟು. ಗಿಡ್ಡಕ್ಕ ಹೂಂಗುಟ್ಟಿದಳು. ಒಂದು ಮಾತೂ ಮನಸ್ಸಿಗಿಳಿಯಲಿಲ್ಲ.

ವಾರದೊಳಗೆ ಉದ್ದಕ್ಕನನ್ನು ಮೇಲೆ ಕರೆದರು. ಡಾಕ್ಟರು ಕೈ ಎತ್ತಿ ಎಂದರು. ಅವಳು ಎದೆಯ ಮಟ್ಟಕ್ಕೆ ಎತ್ತಿದಳು. ಇನ್ನೂ ಎಂದರು. ಅವಳು ಹಲ್ಲು ಕಚ್ಚಿ ಇನ್ನೊಂದು ಗೇಣು ಎತ್ತಿದಳು. ಕಣ್ಣಲ್ಲಿ ನೀರು ಬಂತು, ಡಾಕ್ಟರು ಬರೆದುಕೊಂಡರು. ನಾಲ್ಕನೆಯ ದಿನ ಆದೇಶ ಬಂತು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ, ರಸ್ತೆಯಾಚೆಯ ಹೊಸ ಕಟ್ಟಡದಲ್ಲಿ ಕಂಬಳಿ ಕೊಡುವ ಕಿಟಕಿಗೆ. ರೋಗಿಗಳ ಜೊತೆಗೆ ಉಳಿಯುವವರು ಚೀಟಿ ತಂದರೆ ಕಂಬಳಿ ಕೊಡಬೇಕು, ಹಿಂದಿರುಗಿಸಿದಾಗ ತೆಗೆದುಕೊಳ್ಳಬೇಕು. ಒಂದು ಕೋಣೆ, ಒಂದು ಸ್ಟೂಲು, ಒಬ್ಬಳೇ. ಹೊಲಿಗೆ ಮೇಜಿಗೆ ಆಗಲೇ ಯಾರನ್ನೋ ಹಾಕಿಯಾಗಿತ್ತು.

"ಯಾರೋ ಹೇಳಿದಾರೆ ಕಣೇ ಗಿಡ್ಡಿ," ಎಂದಳು ಉದ್ದಕ್ಕ, ಮೊದಲ ಮಡಿಕೆಗೆ.

ಗಿಡ್ಡಕ್ಕ ಪೆಟ್ಟಿಗೆಯಿಂದಿಳಿದು ಹಿಂದೆ ಸರಿದಳು. ಮುಂದೆ ಬಂದಾಗ, "ಇರಲಾರದು" ಎಂದಳು.

"ನಿನಗೆ ಬಿಟ್ರೆ ಯಾರಿಗೂ ಹೇಳಿರಲಿಲ್ಲ."

ದೂರ. ಹತ್ತಿರ.

"ಆ ಇಸ್ತ್ರಿಯವಳೇ. ಪೆಟ್ಟಿಗೆ ನೋಡಿ ಹಲ್ಲು ಕಿರೀತಿದ್ಲಲ್ಲ, ಅವಳೇ ಊದಿರ್ತಾಳೆ."

ಆಗ ಹೇಳಬೇಕಿತ್ತು. ಹೇಳಲು ಒಂದು ಮಡಿಕೆ ಸಾಕಿತ್ತು. ಗಿಡ್ಡಕ್ಕ ಬಾಯಿ ತೆರೆದಳು, ಶೀಟನ್ನು ಎತ್ತಿ ಹಿಡಿದಳು, ಬಾಯಿ ಮುಚ್ಚಿದಳು.

ಅಂದಿನಿಂದ ಉದ್ದಕ್ಕ ಇಸ್ತ್ರಿಯವಳ ಜೊತೆ ಚಹಾ ಕುಡಿಯುವುದನ್ನು ಬಿಟ್ಟಳು. ಅವಳು ಎದುರಾದರೆ ಮುಖ ತಿರುಗಿಸಿದಳು. ಅವಳ ಡಬ್ಬಿ ತನ್ನ ಬೆಂಚಿನ ಮೇಲಿದ್ದರೆ ಎರಡು ಬೆರಳಿನಲ್ಲಿ ಹಿಡಿದು, ಸತ್ತ ಇಲಿಯನ್ನು ಸಾಗಿಸುವಂತೆ, ಆಚೆ ಇಟ್ಟಳು. ಬಿಚ್ಚುಬಾಯಿಯ ಹೆಂಗಸು ಕಂಗೆಟ್ಟಳು. ಐದನೆಯ ದಿನ ಗಿಡ್ಡಕ್ಕನನ್ನು ಸ್ನಾನದ ಮನೆಯ ಬಳಿ ಹಿಡಿದು ನಿಲ್ಲಿಸಿದಳು.

"ಗಿಡ್ಡಕ್ಕ, ನಿಜ ಹೇಳಿ, ನಾನೇನ್ರೀ ಮಾಡಿದೆ? ಹತ್ತು ವರ್ಷದಿಂದ ಜೊತೇಲಿ ಚಹಾ ಕುಡಿದಿದೀವಿ. ಪೆಟ್ಟಿಗೆ ವಿಷಯಕ್ಕೆ ಬೇಜಾರಾಯ್ತಾ? ಅದು ನಿಮಗೆ ಅಂದಿದ್ದು, ಅವರಿಗಲ್ಲ. ನೀವೇ ನಕ್ಕಿದ್ರಿ."

"ಇಲ್ಲ, ನೀವೇನೂ ಮಾಡಿಲ್ಲ," ಎಂದಳು ಗಿಡ್ಡಕ್ಕ.

"ಹಂಗಾದ್ರೆ ಅವರಿಗೆ ಹೇಳಿ ಮತ್ತೆ! ನಿಮ್ಮ ಮಾತು ಕೇಳ್ತಾರೆ."

ಅಂದು ಸಂಜೆ ಹೆಚ್ಚುವ ಮಣೆಯ ಮುಂದೆ ಸರದಿ ಬಂದಾಗ ಗಿಡ್ಡಕ್ಕ, "ತಲೆನೋವು" ಎಂದಳು. ಗಂಡ ಮಾತ್ರೆ ತಂದುಕೊಟ್ಟ. ಅದನ್ನು ನೀರು ಕುಡಿದು ನುಂಗಿದಳು. ತಲೆನೋವು ಇರಲಿಲ್ಲ.

ಮರುದಿನ ಎರಡನೆಯ ಗಾಡಿಯ ಮೊದಲ ಶೀಟಿಗೆ, ಪೆಟ್ಟಿಗೆ ಹತ್ತಿ, ಎರಡೂ ತುದಿಗಳನ್ನು ಎತ್ತಿ ಹಿಡಿದು, ಕೆಳಗೆ ಬಗ್ಗಿದ್ದ ಉದ್ದಕ್ಕನ ನೆತ್ತಿಗೆ ಹೇಳಿದಳು, "ಇಸ್ತ್ರಿಯವಳಲ್ಲಕ್ಕ. ಹೇಳಿದ್ದು ನಾನು."

ಉದ್ದಕ್ಕ ಮಡಿಕೆ ಎತ್ತಿಕೊಂಡಳು. ಹಿಂದೆ ಸರಿದಳು. ಶೀಟು ನೆಲ ಮುಟ್ಟಲಿಲ್ಲ. ಮತ್ತೆ ಹತ್ತಿರ ಬಂದಳು. ಮಡಿಸಿದ ಶೀಟನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಒಮ್ಮೆ ಒತ್ತಿ, ಇನ್ನೊಂದನ್ನು ತೆಗೆದಳು. ಝಾಡಿಸಿದಳು. ನಾಲ್ಕು ಶೀಟು ಹಾಗೇ ಹೋದವು. ಐದನೆಯದಕ್ಕೆ ಕೇಳಿದಳು:

"ಯಾವತ್ತು?"

"ಮಂಗಳವಾರ. ಚಹಾ ಹೊತ್ತಲ್ಲಿ."

ದೂರ. ಹತ್ತಿರ.

"ಅವತ್ತು ಮಧ್ಯಾಹ್ನ ನಾನು ನಿನಗೆ ಪೆಟಾರಿ ವಿಷಯ ಹೇಳಿದೆ."

"ಹೂಂ."

"ನೀನು ಹೂಂ ಹೂಂ ಅಂತ ಕೇಳಿದೆ."

ದೂರ. ಉದ್ದಕ್ಕ ಬೇಕೆಂದೇ ನಿಧಾನವಾಗಿ ಬಂದಳು.

"ನನ್ನ ಹೆಗಲಿಗೋಸ್ಕರ ಹೇಳಿದ್ಯೋ, ನಿನ್ನ ಮಂಡಿಗೋಸ್ಕರ ಹೇಳಿದ್ಯೋ?"

ಗಿಡ್ಡಕ್ಕ ಹೊಲಿಗೆ ಮೇಜಿನ ಮಾತು ಹೇಳಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಒಂದು ಮಡಿಕೆಯಲ್ಲಿ ಅಷ್ಟು ಹಿಡಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಿಡಿಸುವುದೇನೋ ಅದನ್ನೇ ಹೇಳಿದಳು.

"ನನಗೆ ಸಾಕಾಗಿತ್ತಕ್ಕ."

ಉದ್ದಕ್ಕ ತಲೆಯಾಡಿಸಿದಳು. ಸಂಜೆಯವರೆಗೆ ಇನ್ನೂರಕ್ಕೂ ಮೀರಿ ಶೀಟು ಮಡಿಸಿದರು. ಒಂದು ಮಾತೂ ಇರಲಿಲ್ಲ. ಹತ್ತಿರ ಬಂದಾಗಲೆಲ್ಲ ಗಿಡ್ಡಕ್ಕನಿಗೆ ಅವಳ ಉಸಿರು ಕೇಳಿಸುತ್ತಿತ್ತು, ಅಷ್ಟೇ. ಕೆಲಸ ಮುಗಿದ ಮೇಲೆ ಉದ್ದಕ್ಕ ನೇರವಾಗಿ ಇಸ್ತ್ರಿ ಯಂತ್ರದ ಹತ್ತಿರ ಹೋದಳು. "ನಿನ್ನ ಮೇಲೆ ಇಲ್ಲದ ಅನುಮಾನ ಪಟ್ಟಿದ್ದೆ. ತಪ್ಪಾಯ್ತು," ಎಂದಳು. ನಿಜವಾಗಿ ದೂರಿದವರು ಯಾರೆಂದು ಉದ್ದಕ್ಕ ಹೇಳಲಿಲ್ಲ. ತಿಂಗಳು ಮುಗಿಯುವವರೆಗೂ ಯಾರಿಗೂ ಹೇಳಲಿಲ್ಲ. ತನ್ನ ಗುಟ್ಟನ್ನು ಅವಳು ಕಾಪಾಡುತ್ತಿದ್ದಾಳೆಂಬುದು ಗಿಡ್ಡಕ್ಕನಿಗೆ ತಿಳಿಯುತ್ತಿತ್ತು. ಬೈದಿದ್ದರೆ ಇದಕ್ಕಿಂತ ಮೇಲಾಗಿತ್ತು.

ಒಂದನೇ ತಾರೀಕು ಉದ್ದಕ್ಕನ ಜಾಗಕ್ಕೆ ಎತ್ತರದ ಹುಡುಗಿಯೊಬ್ಬಳು ಬಂದಳು. ಕೈ ಚುರುಕು, ಕಿವಿಯಲ್ಲಿ ಸದಾ ಹಾಡು. ಪೆಟ್ಟಿಗೆ ಮೂಲೆ ಸೇರಿತು. ಇಬ್ಬರೂ ಹಿಂದಿಗಿಂತ ಹೆಚ್ಚು ಶೀಟು ಮಡಿಸುತ್ತಿದ್ದರು. ಎರಡು ವಾರದಲ್ಲಿ ಗಿಡ್ಡಕ್ಕನ ಮಂಡಿಯ ಬಾವು ಇಳಿಯಿತು. ಗಂಡನ ಪರಿಹಾರ ಈ ಸಲ ಅಕ್ಷರಶಃ ಫಲಿಸಿತ್ತು.

ಒಂದು ದಿನ ಊಟದ ಬಿಡುವಿನಲ್ಲಿ ಗಿಡ್ಡಕ್ಕ ರಸ್ತೆ ದಾಟಿ ಹೊಸ ಕಟ್ಟಡಕ್ಕೆ ಹೋದಳು. ಉದ್ದನೆಯ ಓಣಿಯ ಕೊನೆಗೆ, ಗೋಡೆಯಲ್ಲಿ ಎದೆಯೆತ್ತರದ ಕಿಟಕಿ. ಗಿಡ್ಡಕ್ಕನಿಗೆ ಅದು ಗಲ್ಲದ ಎತ್ತರ. ಒಳಗೆ ಕಂಬಳಿಗಳ ಗುಡ್ಡೆಯ ನಡುವೆ ಉದ್ದಕ್ಕ ಸ್ಟೂಲಿನ ಮೇಲೆ ಕೂತಿದ್ದಳು.

"ಚೀಟಿ?" ಎಂದಳು.

"ಚೀಟಿ ಇಲ್ಲ ಅಕ್ಕ. ನೋಡ್ಕೊಂಡು ಹೋಗೋಣ ಅಂತ ಬಂದೆ. ಹೇಗಿದೀಯ?"

"ಚೆನ್ನಾಗಿದೀನಿ."

"ಕೈ?"

"ಚೆನ್ನಾಗಿದೆ."

"ಮನೇಲಿ?"

"ಎಲ್ಲಾ ಚೆನ್ನಾಗಿದಾರೆ. ಆಯ್ತಲ್ಲ, ಸ್ವಲ್ಪ ಸರೀರಿ. ಹಿಂದೆ ಜನ ಇದಾರೆ."

ಹಿಂದೆ ಯಾರೂ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಉದ್ದಕ್ಕ ಅವಳಿಗೆ 'ಸರೀರಿ' ಎಂದವಳಲ್ಲ. 'ಎಲ್ಲಾ ಚೆನ್ನಾಗಿದೆ' ಎಂದಂತೂ ಒಂದು ದಿನವೂ ಹೇಳಿರಲಿಲ್ಲ. ಹಾಗೆ ಹೇಳುವುದು ಬೀದಿಯಲ್ಲಿ ಸಿಕ್ಕವರಿಗೆ, ನೆಂಟರಿಗೆ, ಡಾಕ್ಟರಿಗೆ. ಗಿಡ್ಡಕ್ಕ ತನಗೆ ಬಂದ ಶಿಕ್ಷೆ ಏನೆಂದು ಆ ಓಣಿಯಲ್ಲಿ ಹಿಂದಿರುಗುವಾಗ ಅರ್ಥಮಾಡಿಕೊಂಡಳು. ಇನ್ನು ಮೇಲೆ ಅವಳಿಗೆ ಸಿಗುವುದು ಒಳ್ಳೆಯ ಸುದ್ದಿ ಮಾತ್ರ.

ಆದರೂ ದಿನವೂ ಹೋದಳು. ಕಾಲು ತಾನಾಗಿ ಹೋಗುತ್ತಿತ್ತು. ಕೇಳಿ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ತಾನೇ ಹೇಳತೊಡಗಿದಳು. ಗಲ್ಲವನ್ನು ಕಿಟಕಿಯ ಕಟ್ಟೆಗೆ ತಾಗಿಸಿ, ದಿನಕ್ಕೊಂದೇ ವಾಕ್ಯ.

"ಮಗಳಿಗೆ ಅಂಗಡೀಲಿ ಹೊಸ ಸ್ಟೂಲು ಕೊಟ್ರು."

"ಚೆನ್ನಾಯ್ತು."

ಮರುದಿನ, "ನನ್ನ ಗಂಡ ಅದನ್ನೂ ನೋಡೋಕೆ ಬರ್ತೀನಿ ಅಂತ ಕೂತಿದಾನೆ."

ಉದ್ದಕ್ಕನ ತುಟಿಯ ಒಂದು ಮೂಲೆ ಅಲ್ಲಾಡಿತು. "ಚೀಟಿ ಇಲ್ದಿದ್ರೆ ಸರೀರಿ," ಎಂದಳು.

ಮತ್ತೊಂದು ದಿನ, "ಹೊಸ ಹುಡುಗಿ ಒಂದು ಮಾತೂ ಆಡಲ್ಲ." ಅದಕ್ಕೆ ಉದ್ದಕ್ಕ, "ಪುಣ್ಯ ಮಾಡಿದೀರಿ" ಎಂದಳು. ಗಿಡ್ಡಕ್ಕ ಅದನ್ನು ಬೈಗುಳವೆಂದು ಲೆಕ್ಕ ಹಾಕಿ ಸ್ವಲ್ಪ ಸಮಾಧಾನಪಟ್ಟಳು.

ಹೀಗೆ ಏಳೆಂಟು ವಾರ ಕಳೆದವು. ಚಳಿ ಹೆಚ್ಚಿತು, ಕಂಬಳಿಗೆ ಬರುವವರೂ ಹೆಚ್ಚಿದರು. ಒಂದು ಮಧ್ಯಾಹ್ನ ಗಿಡ್ಡಕ್ಕ ಹೋದಾಗ ಹಿಂದಿರುಗಿದ ಕಂಬಳಿಗಳು ಕಟ್ಟೆಯ ಮೇಲೂ ಸ್ಟೂಲಿನ ಮೇಲೂ ಉಂಡೆಯುಂಡೆಯಾಗಿ ಬಿದ್ದಿದ್ದವು. ಉದ್ದಕ್ಕ ಒಬ್ಬಳೇ ಮಡಿಸುತ್ತಿದ್ದಳು. ಒಂದು ಅಂಚನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎಡಗೈಯಲ್ಲಿ ಮೂಲೆ ಹುಡುಕುತ್ತ, ಬಲಗೈಯನ್ನು ಎದೆಗೆ ಕಟ್ಟಿಕೊಂಡು. ಕಂಬಳಿಯ ಇನ್ನರ್ಧ ನೆಲ ಗುಡಿಸುತ್ತಿತ್ತು. ಹೊಸ ಕಟ್ಟಡದಲ್ಲಿ ನೆಲ ಮುಟ್ಟಿದ್ದನ್ನು ಮತ್ತೆ ಒಗೆಯಬೇಕೆಂಬ ನಿಯಮವಿಲ್ಲದಿರಬಹುದು. ಉದ್ದಕ್ಕನ ಮುಖ ನೋಡಿದರೆ ಅವಳಿಗಂತೂ ಇತ್ತು.

ಗಿಡ್ಡಕ್ಕ ಕಿಟಕಿಯಲ್ಲಿ ನಿಂತಳು. ಅಂದು ಹೇಳಲೆಂದು ತಂದಿದ್ದ ವಾಕ್ಯವನ್ನು ಹೇಳಲಿಲ್ಲ. ಸಹಾಯ ಮಾಡಲೇ ಎಂದೂ ಕೇಳಲಿಲ್ಲ. ಕೇಳಿ ಮಾಡಿದ ಸಹಾಯಕ್ಕೂ ಕೇಳದೆ ಮಾಡಿದ ಸಹಾಯಕ್ಕೂ ಇರುವ ವ್ಯತ್ಯಾಸ ಅವಳಿಗೀಗ ಸರಿಯಾಗಿ ತಿಳಿದಿತ್ತು. ಎರಡರಲ್ಲಿ ಯಾವುದು ಸರಿ ಎಂಬುದು ಮಾತ್ರ ತಿಳಿದಿರಲಿಲ್ಲ.

ಉದ್ದಕ್ಕ ಮೂರನೆಯ ಸಲ ಮೂಲೆ ತಪ್ಪಿಸಿಕೊಂಡಳು. ಕಂಬಳಿ ಪೂರ್ತಿ ಕಾಲ ಮೇಲೆ ಬಿತ್ತು. ಅದನ್ನು ಎತ್ತಿ, ಎರಡು ಮೂಲೆಗಳನ್ನು ಕಿಟಕಿಯಿಂದ ಹೊರಗೆ ತುರುಕಿದಳು.

"ಹಿಡ್ಕೋ," ಎಂದಳು. "ನೆಲಕ್ಕೆ ತಾಗಿಸ್ಬೇಡ."

ಗಿಡ್ಡಕ್ಕ ಮೂಲೆಗಳನ್ನು ಹಿಡಿದು ಓಣಿಯಲ್ಲಿ ಹಿಂದೆ ಹಿಂದೆ ಹೋದಳು. ಕಂಬಳಿ ಕಿಟಕಿಯ ಕಟ್ಟೆಯ ಮೇಲೆ ಬಿಗಿಯಾಗಿ ಚಾಚಿಕೊಂಡಿತು. ಕಟ್ಟೆ ಎತ್ತರವಿದ್ದುದರಿಂದ ಯಾರೂ ಕೈ ಎತ್ತಬೇಕಾಗಿರಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ನರ್ಸೊಬ್ಬಳು ಈ ಆಟವನ್ನು ನೋಡಿ, ಬಗ್ಗಿ ಕೆಳಗಿನಿಂದ ದಾಟಿಕೊಂಡಳು. ಗಿಡ್ಡಕ್ಕ ಕಿಟಕಿಗೆ ಬಂದು ತುದಿ ಕೊಟ್ಟಳು, ಮಡಿಕೆ ಹಿಡಿದು ಮತ್ತೆ ಹಿಂದೆ ಸರಿದಳು. ಯಂತ್ರಗಳ ಸದ್ದಿರಲಿಲ್ಲ. ಅಷ್ಟು ದೂರದಿಂದಲೂ ಮಾತಾಡಬಹುದಿತ್ತು. ಇಬ್ಬರೂ ಆಡಲಿಲ್ಲ.

ಆರನೆಯ ಕಂಬಳಿಗೆ, ಕಿಟಕಿಯಲ್ಲಿ ಮುಖಕ್ಕೆ ಮುಖ ಬಂದಾಗ, ಉದ್ದಕ್ಕ ಕಂಬಳಿಯನ್ನೇ ನೋಡುತ್ತ ಹೇಳಿದಳು, "ಹಿಂದುಗಡೆ ಬೆಳಕಿಂಡಿ ಮುಚ್ಚಲ್ಲ. ಇಡೀ ದಿನ ಚಳಿಗಾಳಿ ಈ ಹೆಗಲಿಗೇ ಹೊಡೆಯುತ್ತೆ."

ಗಿಡ್ಡಕ್ಕ ಹಿಂದೆ ಸರಿದಳು. ಒಂದು ಹಲಗೆ, ನಾಲ್ಕು ಮೊಳೆ, ಅರ್ಧ ಗಂಟೆಯ ಕೆಲಸ. ಗಂಡ ನಾಳೆಯೇ ಬಂದಾನು. ಮೊಳೆಯ ಡಬ್ಬಿ ಅಡುಗೆಮನೆಯ ಯಾವ ಗೂಡಿನಲ್ಲಿದೆಯೆಂಬುದೂ ಕಣ್ಣಿಗೆ ಕಟ್ಟಿತು. ಅವಳು ಮುಂದೆ ಬಂದಳು, ತುದಿ ಕೊಟ್ಟಳು.

"ಅಯ್ಯೋ," ಎಂದಳು.

ಉದ್ದಕ್ಕ ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ಇನ್ನೊಂದು ಕಂಬಳಿ ತೆಗೆದಳು.

ಅಂದು ಸಂಜೆ ಗಿಡ್ಡಕ್ಕನ ಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದರು. ಮಗಳು ತನ್ನದು ಹೇಳಿದಳು: ಹೊಸ ಸ್ಟೂಲು ಚೆನ್ನಾಗಿದೆ, ಯಾರೂ ನೋಡಲು ಬರಬೇಕಾಗಿಲ್ಲ. ಗಂಡ ತನ್ನದು ಹೇಳಿದ: ಬಸ್ಸಿನ ಹಿಂದಿನ ಸೀಟಿನಲ್ಲಿ ಯಾವುದೋ ಮಗು ವಾಂತಿ ಮಾಡಿತ್ತು, ಮರಳು ಹಾಕಿ ತೊಳೆದ. ಆಮೇಲೆ ಚಾಕು ಹೆಂಡತಿಯತ್ತ ತಿರುಗಿತು.

"ನಿನ್ನ ಸರದಿ. ಎಷ್ಟು ದಿನ ಆಯ್ತು ನೀನು ಬಾಯಿ ಬಿಟ್ಟು. ನಿಮ್ಮ ಉದ್ದಕ್ಕ ಹೇಗಿದಾರೆ?"

ಗಿಡ್ಡಕ್ಕ ಕೈಯಲ್ಲಿದ್ದ ಕ್ಯಾರೆಟ್ಟನ್ನು ತುದಿಯವರೆಗೂ ಹೆಚ್ಚಿದಳು. ದಿನವಿಡೀ ನಿಂತ ಕಾಲು ಭಾರವಾಗಿತ್ತು. ಹೇಳಿಬಿಟ್ಟರೆ ಹಗುರವಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಚೆನ್ನಾಗಿದಾಳೆ," ಎಂದಳು.

"ನಿನ್ನ ಮಂಡಿ?"

"ವಾಸಿ ಆಯ್ತು."

"ನೋಡಿದ್ಯಾ?" ಎಂದ ಗಂಡ, ಮಗಳ ಕಡೆಗೆ ತಿರುಗಿ. "ನಾನು ಹೇಳಿದ ಹಾಗೆ ಮಾಡಿದ್ದಕ್ಕೆ ಇಬ್ಬರೂ ಚೆನ್ನಾಗಿದಾರೆ."

ಮಗಳು ತಾಯಿಯ ಮುಖ ನೋಡಿದಳು. ಗಿಡ್ಡಕ್ಕ ಅವನ ಮಾತನ್ನು ತಿದ್ದಲು ಹೋಗಲಿಲ್ಲ. ಇನ್ನೊಂದು ಕ್ಯಾರೆಟ್ ತೆಗೆದುಕೊಂಡಳು.